ಪುಕ್ಕಟೆ ಕಲಿಸಿದರೆ ಬೆಲೆ ಇರುವುದಿಲ್ಲವೆ?

ಓದುಗರ ಪತ್ರ: ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಮಕ್ಕಳಿಗೆ ಉಚಿತವಾಗಿ ಹೆಣಿಗೆ ಕಲಿಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಶರಾವತಿ ಹಿನ್ನೀರಿನ ಕರೂರು ಸೀಮೆಯ ನಾವೂ ದ್ವೀಪದವರೇ. ಬೇಸಿಗೆ ರಜೆಯಲ್ಲಿ ನಮ್ಮೂರ ದೇವಸ್ಥಾನದ ಸಭಾಂಗಣದಲ್ಲಿ ಮಕ್ಕಳಿಗೆ ಪುಕ್ಕಟೆಯಾಗಿ ಯಕ್ಷಗಾನ ತರಗತಿ ನಡೆಸಿದೆವು. ಮೊದಲ ದಿನ ಕೂರಲು ಜಾಗವಿರಲಿಲ್ಲ, ಎರಡನೆಯ ವಾರಕ್ಕೆ ಏಳೆಂಟು ಮಕ್ಕಳು ಉಳಿದರು. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲವೆಂದು ಮುಂದಿನ ವರ್ಷ ಐದುನೂರು ರೂಪಾಯಿ ಶುಲ್ಕ ಇಡಲು ಸಮಿತಿ ಯೋಚಿಸುತ್ತಿದೆ. ಶೆಟ್ಲೆಂಡಿನವರಿಗೆ ಎಣ್ಣೆಯ ದುಡ್ಡಿದೆ, ಉಚಿತ ಎನ್ನುವುದು ಅವರಿಗೆ ಸಲ್ಲುತ್ತದೆ. ನಮಗೆ ಏನಿದೆ? ಈಗ ಸೇತುವೆಯೂ ಆಗಿದೆ. ಮಕ್ಕಳು ಇನ್ನು ಸಾಗರಕ್ಕೇ ಹೋಗುತ್ತಾರೆ. ತರಗತಿ ನಡೆಸುವುದರಲ್ಲಿ ಅರ್ಥವಿದೆಯೆ?
— ನಿವೃತ್ತ ಶಿಕ್ಷಕ, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ,

ಐದುನೂರು ರೂಪಾಯಿ ಇಡಬೇಡಿ. ಮಿಕ್ಕ ವಿಷಯಕ್ಕೆ ಆಮೇಲೆ ಜಗಳವಾಡೋಣ.

ಇಲ್ಲಿ ಅಚ್ಚಾಗಿರುವುದು ನಿಮ್ಮ ಪತ್ರದ ಸಾರಾಂಶ ಮಾತ್ರ. ಮೂಲದಲ್ಲಿ ಬಿಟ್ಟುಹೋದ ಮಕ್ಕಳ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ, ಉಳಿದ ಏಳೆಂಟು ಮಕ್ಕಳ ಬಗ್ಗೆ ಒಂದು ಸಾಲೂ ಇಲ್ಲ. ಅವರು ಯಾರ ಮನೆಯವರು, ಎಷ್ಟು ದೂರದಿಂದ ನಡೆದು ಬರುತ್ತಿದ್ದರು, ಏಕೆ ಉಳಿದರು? ನನಗೆ ಕುತೂಹಲವಿರುವುದು ಅವರಲ್ಲಿ. ಶುಲ್ಕವಿಟ್ಟರೆ ಆಸಕ್ತಿಯಿಲ್ಲದವರು ತಾವಾಗಿಯೇ ದೂರ ಉಳಿಯುತ್ತಾರೆ ಎಂಬುದು ಸಮಿತಿಯ ಲೆಕ್ಕ. ಶುಲ್ಕಕ್ಕೆ ಮಗುವಿನ ಆಸಕ್ತಿ ಕಾಣಿಸುವುದಿಲ್ಲ ಮೇಷ್ಟ್ರೇ, ಅಪ್ಪನ ಜೇಬು ಕಾಣಿಸುತ್ತದೆ. ಕೂಲಿಗೆ ಹೋಗುವ ಮನೆಯ ಹುಡುಗಿ ನಿಮ್ಮ ಏಳೆಂಟರಲ್ಲಿ ಒಬ್ಬಳಾಗಿದ್ದರೆ ಮುಂದಿನ ವರ್ಷ ಮೊದಲು ಹೋಗುವವಳು ಅವಳೇ. ಸ್ಕಾಟ್ಲೆಂಡಿನಲ್ಲಿ ಶಾಲಾಮಕ್ಕಳ ವಾದ್ಯಪಾಠಕ್ಕೆ ಹಲವು ಸ್ಥಳೀಯ ಆಡಳಿತಗಳು ಹಣ ಪಡೆಯುತ್ತಿದ್ದವು. ಬಡ ಮನೆಯ ಮಕ್ಕಳು ಪಿಟೀಲು ಮುಟ್ಟದಂತಾಗುತ್ತದೆ ಎಂಬ ಕೂಗು ವರ್ಷಗಟ್ಟಲೆ ಎದ್ದು, ಕೊನೆಗೆ 2021ರಲ್ಲಿ ಸರ್ಕಾರ ಆ ಶುಲ್ಕವನ್ನು ತೆಗೆಸಿತು. ಅವರು ಬಿಟ್ಟುಬಂದ ದಾರಿಯನ್ನು ನೀವು ಹೊಸದಾಗಿ ಹಿಡಿಯುವುದು ಬೇಡ.

ಇನ್ನು ಎಣ್ಣೆಯ ಮಾತು. ಅದರಲ್ಲಿ ನೀವು ಹೇಳಿದ್ದು ಸರಿ, ಆದರೆ ಪೂರ್ತಿ ಹೇಳಲಿಲ್ಲ. 1970ರ ದಶಕದಲ್ಲಿ ಉತ್ತರ ಸಮುದ್ರದಲ್ಲಿ ಎಣ್ಣೆ ಸಿಕ್ಕಿದಾಗ ಶೆಟ್ಲೆಂಡಿನ ಸ್ಥಳೀಯ ಆಡಳಿತ ಕೈಕಟ್ಟಿ ಕೂರಲಿಲ್ಲ. 1974ರಲ್ಲಿ ಲಂಡನ್ನಿನ ಸಂಸತ್ತಿನಿಂದ ತನಗಾಗಿಯೇ ಒಂದು ಕಾಯ್ದೆ ಮಾಡಿಸಿಕೊಂಡಿತು. ತಮ್ಮ ಬದುಕಿಗೆ ಆಗುವ ತೊಂದರೆಗೆ ಪರಿಹಾರ ಕೊಡಬೇಕೆಂದು ಎಣ್ಣೆ ಕಂಪನಿಗಳೊಡನೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ಸಲೋಮ್ ವೋ ಎಂಬ ಎಣ್ಣೆ ಬಂದರಿಗೆ ಎಣ್ಣೆ ಬಂದದ್ದು 1978ರಲ್ಲಿ. ಅಷ್ಟರೊಳಗೆ ಆ ಹಣವನ್ನು ಊರಿನ ಹೆಸರಿನಲ್ಲಿ ಇಡಲು ಒಂದು ಧರ್ಮದತ್ತಿಯೂ ಸಿದ್ಧವಾಗಿತ್ತು. ಇಪ್ಪತ್ತಮೂರು ಸಾವಿರದಷ್ಟು ಜನರಿರುವ ಆ ದ್ವೀಪಸಮೂಹದಲ್ಲಿ ಇಂದು ಈಜುಕೊಳ, ಆಟದ ಮನೆಗಳಿರುವ ಎಂಟು ಕ್ರೀಡಾಕೇಂದ್ರಗಳಿವೆ. ಕೆಲವೇ ನೂರು ಜನರಿರುವ ಉನ್‌ಸ್ಟ್ ದ್ವೀಪದಲ್ಲೂ ಈಜುಕೊಳವಿದೆ.

ನಿಮ್ಮ ಸೀಮೆಯ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನೀರು ಏರಿತು, ಊರುಗಳು ಹೋದವು. ಕೆಳಗೆ ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ಸಾಮರ್ಥ್ಯದಲ್ಲಿ ಓಡುತ್ತಿದೆ. ಮುಳುಗಡೆಯವರ ಹಕ್ಕುಪತ್ರದ ಪ್ರಶ್ನೆ ಮಾತ್ರ ಇನ್ನೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದೆ. ಪ್ರತಿ ಯೂನಿಟ್ಟಿಗೆ ಒಂದು ಪೈಸೆ ಕರೂರು ಸೀಮೆಯ ಹೆಸರಿನಲ್ಲಿ ಕೂಡಿಡಿ ಎಂದು ಅಂದು ಹಟಹಿಡಿದು ಕಾನೂನು ಮಾಡಿಸಿಕೊಳ್ಳುವಷ್ಟು ಬಲ ಊರು ಬಿಟ್ಟವರ ಕೈಯಲ್ಲಿ ಇರಲಿಲ್ಲ. ಶೆಟ್ಲೆಂಡಿನವರಿಗೂ ನಿಮಗೂ ಇರುವ ವ್ಯತ್ಯಾಸ ಅದು. ಅದನ್ನು ಕೇಳಬೇಕಾದ ಜಾಗದಲ್ಲಿ ಕೇಳುತ್ತಲೇ ಇರೋಣ.

ಆದರೆ ನಮ್ಮ ಲೇಖನದ ಹೆಣಿಗೆ ತರಗತಿ ನಡೆಯುತ್ತಿರುವುದು ಎಣ್ಣೆಯಿಂದಲ್ಲ. ಶೆಟ್ಲೆಂಡಿನಲ್ಲಿ ಹೆಣಿಗೆ ಹೆಂಗಸರ ಹೊತ್ತುಕಳೆಯುವ ಕೆಲಸವಾಗಿರಲಿಲ್ಲ, ಮನೆ ನಡೆಸುವ ದುಡಿಮೆಯಾಗಿತ್ತು. ಸೊಂಟಕ್ಕೆ ಚರ್ಮದ ಪಟ್ಟಿ, ಅದರ ಮೇಲೆ ಕುದುರೆಕೂದಲು ತುಂಬಿದ, ತೂತುಗಳಿರುವ ಮೆತ್ತೆ. ಒಂದು ಸೂಜಿಯ ತುದಿಯನ್ನು ಆ ತೂತಿಗೆ ಸಿಕ್ಕಿಸಿದರೆ ಸೂಜಿ ತಾನೇ ನಿಲ್ಲುತ್ತದೆ, ಕೈ ವೇಗವಾಗಿ ಓಡುತ್ತದೆ. ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುತ್ತಲೇ ಹೆಣೆಯುತ್ತಿದ್ದ ಹೆಂಗಸರ ಹಳೆಯ ಫೋಟೋಗಳು ಈಗಲೂ ಸಿಗುತ್ತವೆ. ಇಂಥ ನಾಡಿನಲ್ಲಿ 2010ರಲ್ಲಿ ಖರ್ಚು ಕಡಿತದ ಹೆಸರಿನಲ್ಲಿ ಶಾಲೆಗಳ ಹೆಣಿಗೆ ಪಾಠವನ್ನು ನಿಲ್ಲಿಸಿದರು. ಧರ್ಮದತ್ತಿಯ ಹಣ ಇದ್ದ ಊರಿನಲ್ಲೇ! 2014ರಲ್ಲಿ ಪೀರೀ ಮಾಕರ್ಸ್ ಎಂಬ ಗುಂಪುಗಳು ಶುರುವಾದವು. ಹೆಣಿಗೆ ಬಲ್ಲ ಊರಿನವರೇ ಪ್ರಾಥಮಿಕ ಶಾಲೆಯ ಮಕ್ಕಳ ಸಣ್ಣ ಸಣ್ಣ ಗುಂಪುಗಳನ್ನು ಕೂರಿಸಿಕೊಂಡು ಸಂಬಳವಿಲ್ಲದೆ ಕಲಿಸುತ್ತಾರೆ. ಖರ್ಚು ದೇಣಿಗೆಯಿಂದ ನಡೆಯುತ್ತದೆ.

ಸಣ್ಣ ಗುಂಪು ಎಂದದ್ದನ್ನು ಗಮನಿಸಿ. ಮೊದಲ ದಿನ ಕೂರಲು ಜಾಗವಿಲ್ಲದ ತರಗತಿ ಅವರ ದೃಷ್ಟಿಯಲ್ಲಿ ಯಶಸ್ಸಲ್ಲ, ಕೆಟ್ಟ ಏರ್ಪಾಡು. ಮಗುವಿನ ಬೆರಳು ಎಲ್ಲಿ ತಪ್ಪಿತೆಂದು ಪಕ್ಕದಲ್ಲಿ ಕೂತೇ ನೋಡಬೇಕು. ಯಕ್ಷಗಾನದ ಹೆಜ್ಜೆಯೂ ಹಾಗೆಯೇ. ಅರುವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ತೈ ತೈ’ ಎಂದರೆ ಹಿಂದಿನ ಸಾಲಿನವನು ಮೂರನೆಯ ದಿನಕ್ಕೆ ಕ್ರಿಕೆಟ್ಟಿಗೆ ಹೋಗುತ್ತಾನೆ. ಅವನನ್ನು ಬೈಯುವುದು ನ್ಯಾಯವಲ್ಲ.

ಪುಕ್ಕಟೆ ಎಂಬ ನಿಮ್ಮ ಕೊರಗಿಗೆ ಬರುತ್ತೇನೆ. ನಾಟಿಗೆ ಮುಯ್ಯಾಳು ಬಂದವರನ್ನು ನಿಮ್ಮ ಕಡೆ ಯಾರಾದರೂ ಬಿಟ್ಟಿಯಾಳು ಎನ್ನುತ್ತಾರೆಯೆ? ಇವತ್ತು ಅವರು ನಿಮ್ಮ ಗದ್ದೆಗೆ ಬಂದರೆ ನಾಳೆ ನೀವು ಅವರ ಗದ್ದೆಗೆ ಇಳಿಯಲೇಬೇಕು. ನಿಮ್ಮ ತರಗತಿಯಲ್ಲಿ ಆ ತೀರಿಸುವ ದಾರಿ ಇರಲಿಲ್ಲ, ಅಷ್ಟೇ. ಮಕ್ಕಳು ಬಂದರು, ಕಲಿತರು ಅಥವಾ ಕಲಿಯಲಿಲ್ಲ, ಹೋದರು. ಅವರ ಮನೆಯವರಿಂದ ಯಾರೂ ಏನನ್ನೂ ಕೇಳಲಿಲ್ಲ. ಶೆಟ್ಲೆಂಡಿನ ಹಳ್ಳಿಗಳ ಸಮುದಾಯ ಭವನಗಳಲ್ಲಿ ಭಾನುವಾರದ ಚಹಾಕೂಟ ನಡೆಯುತ್ತದೆ. ಊರವರು ಮನೆಯಲ್ಲಿ ಕೇಕು, ರೊಟ್ಟಿ ಮಾಡಿ ತರುತ್ತಾರೆ, ಊರವರೇ ದುಡ್ಡು ಕೊಟ್ಟು ತಿನ್ನುತ್ತಾರೆ. ಹಣ ಭವನದ ದುರಸ್ತಿಗೋ ಯಾವುದೋ ಒಳ್ಳೆಯ ಕೆಲಸಕ್ಕೋ ಹೋಗುತ್ತದೆ. ಕೊಟ್ಟವರೂ ಪಡೆದವರೂ ಅವರೇ ಆದ್ದರಿಂದ ಯಾರ ಬೆನ್ನ ಮೇಲೂ ಉಪಕಾರದ ಹೊರೆ ಕೂರುವುದಿಲ್ಲ. ನೀವೂ ಮನೆಯವರಿಂದ ಕೆಲಸ ಕೇಳಿ. ಒಂದು ಮನೆ ಮಜ್ಜಿಗೆ ತರಲಿ, ಇನ್ನೊಂದು ಮನೆ ಸಭಾಂಗಣ ಗುಡಿಸಲಿ, ಜೀಪಿದ್ದವರು ದೂರದ ಮಕ್ಕಳನ್ನು ಕರೆತರಲಿ. ಕೆಲಸ ಕೊಟ್ಟ ಮನೆಯವರು ಮಗುವನ್ನು ಸುಲಭಕ್ಕೆ ಬಿಡಿಸುವುದಿಲ್ಲ.

ಆ ದ್ವೀಪದ ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ಟಾಮ್ ಆಂಡರ್ಸನ್ ಅವರು ವಿಮೆಯ ಏಜೆಂಟರಾಗಿ ಊರೂರು ತಿರುಗುತ್ತಲೇ ಹಳೆಯ ಪಿಟೀಲು ಮಟ್ಟುಗಳನ್ನು ಸಂಗ್ರಹಿಸಿದವರು. 1969ರ ಚಳಿಗಾಲದಲ್ಲಿ ಹುಟ್ಟೂರಿನಿಂದ ಮರಳುವಾಗ ಗುಡ್ಡದ ಮೇಲೆ ನಿಂತು ಹಿಂತಿರುಗಿ ನೋಡಿದರೆ, ತಾವು ಹುಡುಗನಾಗಿದ್ದಾಗ ಕಾಣುತ್ತಿದ್ದ ದೀಪಗಳಲ್ಲಿ ಬಹುಪಾಲು ಇರಲಿಲ್ಲ. ಆ ನೋವಿಗೆ ಅವರು ಕಟ್ಟಿದ ಮಟ್ಟು ಇಂದು ಲೋಕದ ಎಲ್ಲೆಡೆ ಪಿಟೀಲುಗಾರರ ಕೈಯಲ್ಲಿದೆ. ಆದರೆ ಅವರು ಮಟ್ಟು ಕಟ್ಟಿ ಸುಮ್ಮನಾಗಲಿಲ್ಲ, ಶಾಲೆಗಳಿಗೆ ಹೋಗಿ ಮಕ್ಕಳಿಗೆ ಪಿಟೀಲು ಕಲಿಸಿದರು. ಅವರ ಶಿಷ್ಯರಲ್ಲಿ ಆಲಿ ಬೇನ್‌ರಂಥ ಜಗತ್ಪ್ರಸಿದ್ಧರಿದ್ದಾರೆ. ಹೆಸರು ಮಾಡದ ಶಿಷ್ಯರೂ ತಮ್ಮೂರಿನ ಕುಣಿತದ ರಾತ್ರಿಗಳಿಗೆ ಬೇಕಾದವರೇ.

ಬೇಕಾಗುವುದು ಎಂಬುದೇ ನಿಮ್ಮ ತರಗತಿಯಲ್ಲಿ ಕಾಣದ ಸಂಗತಿ. ಕಲಿತ ಹೆಜ್ಜೆಯನ್ನು ಮಗು ಎಲ್ಲಿ ಹಾಕಬೇಕು? ಶೆಟ್ಲೆಂಡಿನ ರಾಜಧಾನಿ ಲರ್ವಿಕ್‌ನಲ್ಲಿ ಜನವರಿಯ ಕೊನೆಯ ಮಂಗಳವಾರ ‘ಅಪ್ ಹೆಲಿ ಆ’ ಎಂಬ ಬೆಂಕಿಹಬ್ಬ. ಚಳಿಗಾಲವಿಡೀ ಸ್ವಯಂಸೇವಕರು ಕೂತು ಮರದ ಹಡಗೊಂದನ್ನು ಕಟ್ಟುತ್ತಾರೆ. ಸಾವಿರದ ಹತ್ತಿರ ಜನ ಪಂಜು ಹಿಡಿದು ಮೆರವಣಿಗೆ ಬಂದು ಅದನ್ನು ಒಂದೇ ರಾತ್ರಿಯಲ್ಲಿ ಸುಡುತ್ತಾರೆ. ನಂತರ ವೇಷಧಾರಿ ತಂಡಗಳು ಬೆಳಗಿನವರೆಗೆ ಒಂದು ಭವನದಿಂದ ಇನ್ನೊಂದಕ್ಕೆ ಹೋಗಿ ಆಡಿ ತೋರಿಸುತ್ತವೆ. ಮಾರನೆಯ ದಿನ ಊರಿಗೇ ರಜೆ. ಬಡಗಿ, ವಾದ್ಯದವರು, ಅಡುಗೆಯವರು ಎಲ್ಲರಿಗೂ ಅಲ್ಲಿ ಕೆಲಸವಿದೆ. ನಿಮ್ಮ ಮಕ್ಕಳಿಗೂ ಒಂದು ರಾತ್ರಿ ಬೇಕು. ಊರ ಜಾತ್ರೆಯಲ್ಲಿ ಅರ್ಧ ಗಂಟೆಯ ಪ್ರಸಂಗವಾದರೂ ಆದೀತು, ದಿನಾಂಕ ಮಾತ್ರ ಮೊದಲೇ ಗೊತ್ತಾಗಿರಲಿ.

ಆ ಹಬ್ಬದ ಇನ್ನೊಂದು ಮುಖವನ್ನೂ ಮುಚ್ಚಿಡುವುದಿಲ್ಲ. ಲರ್ವಿಕ್‌ನ ಮೆರವಣಿಗೆಯ ತಂಡಗಳಿಗೆ ಹೆಂಗಸರು ಸೇರುವುದು ಸಾಧ್ಯವಾದದ್ದು 2023ರಲ್ಲಿ. ಒಂದು ಶತಮಾನಕ್ಕೂ ಮಿಕ್ಕಿ ‘ಇಡೀ ಊರಿನ ಹಬ್ಬ’ ಎಂದೇ ಕರೆಸಿಕೊಂಡದ್ದರಲ್ಲಿ ಊರಿನ ಅರ್ಧ ಜನ ಭವನಗಳಲ್ಲಿ ಬಡಿಸುತ್ತಿದ್ದರು. ‘ಎಲ್ಲರಿಗೂ ಸ್ವಾಗತ’ ಎಂದು ಬೋರ್ಡು ಬರೆದ ಮಾತ್ರಕ್ಕೆ ಎಲ್ಲರೂ ಬರುವುದಿಲ್ಲ. ನಿಮ್ಮ ತರಗತಿ ದೇವಸ್ಥಾನದ ಸಭಾಂಗಣದಲ್ಲಿ ನಡೆಯಿತು ಎಂದಿರಿ. ಆ ಮೆಟ್ಟಿಲು ಹತ್ತಲು ಯಾವ ಕೇರಿಯ ಮಕ್ಕಳು ಹಿಂಜರಿದರು ಎಂದು ಸಮಿತಿಯಲ್ಲಿ ಯಾರಾದರೂ ಕೇಳಿದ್ದಾರೆಯೆ? ಶಾಲೆಯ ಅಂಗಳದಲ್ಲಿ ಒಂದು ವರ್ಷ ನಡೆಸಿ ನೋಡಿ. ಕಟುವಾಗಿ ಹೇಳಿದೆ ಎನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಅಚ್ಚುಹಾಕುತ್ತೇನೆ.

ಸೇತುವೆಯ ಭಯಕ್ಕೆ ಹೆಚ್ಚು ಮಾತು ಬೇಡ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಕೊನೆಯ ಲಾಂಚಿಗೆ ಓಡುವ ಆತಂಕ ತಪ್ಪಿತು. ಮಕ್ಕಳು ಸಾಗರಕ್ಕೆ ಹೋಗುವುದು ಹೌದು. ಆದರೆ ಸಂಜೆಯ ಪಾಠ ಹೇಳಿ ರಾತ್ರಿ ಮನೆಗೆ ಮರಳುವ ಮದ್ದಲೆಗಾರರು ಸಾಗರದಿಂದ, ಹೆಗ್ಗೋಡಿನಿಂದ ನಿಮ್ಮಲ್ಲಿಗೆ ಬರುವುದೂ ಈಗ ಸಾಧ್ಯ. ಶೆಟ್ಲೆಂಡಿನ ಟ್ರೋಂಡ್ರಾ ಎಂಬ ಪುಟ್ಟ ದ್ವೀಪದಲ್ಲಿ 1961ರಲ್ಲಿ ಉಳಿದಿದ್ದವರು 20 ಜನ. 1970ರ ಆಸುಪಾಸಿನಲ್ಲಿ ಸೇತುವೆ ಆಯಿತು. 2001ರ ಜನಗಣತಿಯಲ್ಲಿ ಅಲ್ಲಿ 133 ಜನರಿದ್ದರು. ಎಲ್ಲ ಸೇತುವೆಗಳೂ ಹಾಗೇ ಮಾಡುತ್ತವೆ ಎನ್ನಲಾರೆ. ಜನ ಹೋಗಲು ಬಳಸುವ ರಸ್ತೆಯಲ್ಲೇ ಬರುವವರೂ ಇರುತ್ತಾರೆ ಎಂಬಷ್ಟಕ್ಕೆ ಅದು ಸಾಕ್ಷಿ.

ಮುಂದಿನ ಬೇಸಿಗೆಗೆ ಹದಿನೈದು ಮಕ್ಕಳಿಗಿಂತ ಹೆಚ್ಚು ಸೇರಿಸಬೇಡಿ. ಹೋದ ವರ್ಷ ಉಳಿದ ಆ ಏಳೆಂಟು ಮಕ್ಕಳಿಗೆ ಮೊದಲ ಜಾಗ ಕೊಡಿ, ಹೊಸಬರಿಗೆ ಮೊದಲ ಹೆಜ್ಜೆಯನ್ನು ಅವರಿಂದಲೇ ಹೇಳಿಸಿ. ಕಲಿಸುವ ಭಾಗವತರಿಗೆ ಬಸ್ಸಿನ ಖರ್ಚನ್ನಾದರೂ ಸಮಿತಿ ಕೊಡಲಿ, ಅದನ್ನು ಅವರಾಗಿ ಕೇಳುವವರೆಗೆ ಕಾಯಬಾರದು. ಪ್ರದರ್ಶನದ ದಿನಾಂಕವನ್ನು ಎರಡು ತಿಂಗಳು ಮುಂಚೆ ಕಳುಹಿಸಿದರೆ ನಮ್ಮ ಕಾರ್ಯಕ್ರಮಗಳ ಅಂಕಣದಲ್ಲಿ ಪ್ರಕಟಿಸುತ್ತೇವೆ. ಅದಕ್ಕೂ ಶುಲ್ಕವಿಲ್ಲ, ಆದರೆ ಆಟ ಮುಗಿದ ಮೇಲೆ ಒಂದು ಪುಟದ ವರದಿ ನೀವೇ ಬರೆದು ಕಳುಹಿಸಬೇಕು.

— ಸಂಪಾದಕ