ಒಟ್ಟಿಗೆ ಹೊರಟರೂ ಜೊತೆ ತಪ್ಪುವ ಅಲೆಗಳು

ಪ್ರಶ್ನೆ: ಯಂತ್ರದ ಕಂಪನ ಅಳೆಯಲು ಎರಡು ದತ್ತಾಂಶ ಸಂಗ್ರಹ ಸಾಧನಗಳನ್ನು ಒಂದೇ ಟ್ರಿಗರ್ (ಆರಂಭಿಸಲು ಹೇಳುವ ಸಂಕೇತ) ತಂತಿಯಿಂದ ಆರಂಭಿಸುತ್ತೇನೆ. ಆದರೂ ಗಂಟೆಯ ಬಳಿಕ ಎರಡರ ಅಲೆಗಳು ಹೊಂದುವುದಿಲ್ಲ, ಏಕೆ?

ಉತ್ತರ: ಟ್ರಿಗರ್ ಸಂಕೇತವು ಆರಂಭದ ಕ್ಷಣವನ್ನಷ್ಟೇ ಒಂದಾಗಿಸುತ್ತದೆ, ಆಮೇಲೆ ಪ್ರತಿ ಸಾಧನವೂ ತನ್ನೊಳಗಿನ ಸ್ಫಟಿಕದ ಕ್ಲಾಕನ್ನೇ ಅನುಸರಿಸುತ್ತದೆ. ಎರಡು ಸ್ಫಟಿಕಗಳ ನಡುವೆ ದಶಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸವಿದ್ದರೂ (ಇಷ್ಟು ವ್ಯತ್ಯಾಸ ಸಹಜ, ಸಾಧನ ಕೆಟ್ಟಿದೆಯೆಂದಲ್ಲ) ಗಂಟೆಗೆ 180 ಮಿಲಿಸೆಕೆಂಡುಗಳ ಅಂತರ ಬೀಳುತ್ತದೆ, ಅಂದರೆ ಸೆಕೆಂಡಿಗೆ 1000 ಮಾದರಿ (ಅಳತೆ) ಪಡೆಯುವಾಗ 180 ಮಾದರಿಗಳಷ್ಟು. ಆದ್ದರಿಂದ ಮೊದಲ ಸಾಧನದ ಸ್ಯಾಂಪಲ್ ಕ್ಲಾಕನ್ನು (ಪ್ರತಿ ಮಾದರಿ ಪಡೆಯುವ ಕ್ಷಣವನ್ನು ಸೂಚಿಸುವ ಮಿಡಿತವನ್ನು) ಇನ್ನೊಂದು ಡಿಜಿಟಲ್ ತಂತಿಯ ಮೂಲಕ ಎರಡನೆಯದಕ್ಕೆ ಕೊಟ್ಟು, ಅಲ್ಲಿ ಬಾಹ್ಯ ಕ್ಲಾಕ್ ಆಯ್ಕೆಮಾಡಿ, ಆ ಎರಡನೆಯದನ್ನೇ ಮೊದಲು ಸಜ್ಜುಗೊಳಿಸಿ, ಮೊದಲನೆಯದರ ಕ್ಲಾಕಿಗಾಗಿ ಕಾಯುವಂತೆ ಇರಿಸಿ. ಎರಡರ ಡಿಜಿಟಲ್ ಗ್ರೌಂಡ್‌ಗಳನ್ನು (ಸಂಕೇತಗಳ ವೋಲ್ಟೇಜ್ ಅಳೆಯಲು ಆಧಾರವಾಗುವ ಶೂನ್ಯ ಬಿಂದುಗಳನ್ನು) ಜೋಡಿಸುವುದನ್ನು ಮರೆಯಬೇಡಿ. ಅನುಭವಿಗಳೂ ಎಡವುವುದು ಇಲ್ಲಿಯೇ.