ವೆಬ್‌ಸೈಟ್ ಮಾಡುವ ಕೆಲಸ 20 ವರ್ಷದಲ್ಲಿ ಎಷ್ಟು ಬದಲಾಗಿದೆ? ಒಂದೇ ಸೈಟನ್ನು ನಾಲ್ಕು ಸಲ ಕಟ್ಟಿದವನ ಉತ್ತರ

ನೀವು ಕೇಳಿದ್ದು ಎರಡು ಪ್ರಶ್ನೆ. ವೆಬ್ ಡಿಸೈನ್ 20 ವರ್ಷದಲ್ಲಿ ಎಷ್ಟು ಬದಲಾಗಿದೆ ಅನ್ನುವುದು ಒಂದು. ಬಿಸಿಎ ಓದುತ್ತಿರುವ ನೀವು ಎಚ್‌ಟಿಎಂಎಲ್ (ಪುಟದ ವಿಷಯ ಬರೆಯುವ ಭಾಷೆ), ಸಿಎಸ್‌ಎಸ್ (ಅದರ ಬಣ್ಣ, ಅಳತೆ, ಜೋಡಣೆ ಹೇಳುವ ಭಾಷೆ) ಅಂತ ಹಳೆಯದನ್ನು ಕಲಿಯುತ್ತಾ ಕೂರಬೇಕಾ, ಪರದೆ ಕಟ್ಟಲು ಈಗ ಬಳಸುವ ರಿಯಾಕ್ಟ್ ಅನ್ನುವ ಸಿದ್ಧ ಸಾಧನಕ್ಕೇ ನೇರ ಹೋಗಬಹುದಾ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ನಮ್ಮ ಮನೆ ಅಟ್ಟದಲ್ಲಿ ಸಿಕ್ಕ ಒಂದು ಸಿಡಿಯಲ್ಲಿದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ನಾನು ಶಿವಮೊಗ್ಗದವನು. 2004ರಿಂದ ಇದೇ ಕೆಲಸ. ಮೊದಲ ಗಿರಾಕಿ ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದವರೊಬ್ಬರು. ಹಳೇ ಮನೆಯ ನಾಲ್ಕು ಕೋಣೆ ಸರಿಮಾಡಿ, ಬೆಂಗಳೂರಿನಿಂದ ಬಂದವರನ್ನು ಉಳಿಸಿಕೊಳ್ಳಲು ಶುರು ಮಾಡಿದ್ದರು. ಹೋಂಸ್ಟೇ ಅನ್ನುವ ಮಾತು ಆಗ ನಮ್ಮ ಕಡೆ ಹೊಸದು. ಅವರ ಸೈಟನ್ನು ಇಲ್ಲಿಯವರೆಗೆ ನಾಲ್ಕು ಸಲ ಕಟ್ಟಿದ್ದೇನೆ.

ಮೊದಲ ಸಲ ಎಲ್ಲವೂ ಟೇಬಲ್, ಅಂದರೆ ಕೋಷ್ಟಕ. ಟೇಬಲ್ ಇರುವುದು ದರಪಟ್ಟಿ, ಅಂಕಪಟ್ಟಿ ತೋರಿಸಲಿಕ್ಕೆ. ನಾವು ಅದರ ಗೆರೆಗಳನ್ನು ಅಳಿಸಿ ಇಡೀ ಪುಟವನ್ನೇ ಅದರೊಳಗೆ ಕೂರಿಸುತ್ತಿದ್ದೆವು. ಫೋಟೋಶಾಪ್‌ನಲ್ಲಿ ಚಿತ್ರ ಬರೆಯುವುದು, ಅದನ್ನು ತುಂಡು ತುಂಡು ಮಾಡುವುದು, ಒಂದೊಂದು ತುಂಡನ್ನು ಒಂದೊಂದು ಮನೆಯಲ್ಲಿ ಇಡುವುದು. ಜಾಗ ಬಿಡಬೇಕಾದ ಕಡೆ ಒಂದೇ ಪಿಕ್ಸೆಲ್‌ನ, ಕಣ್ಣಿಗೆ ಕಾಣದ ಜಿಫ್ ಚಿತ್ರವನ್ನು ಎಳೆದು ಉದ್ದ ಮಾಡುತ್ತಿದ್ದೆವು. ಹಂಚಿನ ಮಾಡಿಗೆ ರೀಪು ಹೊಡೆದ ಹಾಗೆ. ಒಂದು ರೀಪು ಅಳತೆ ತಪ್ಪಿದರೆ ಸಾಲಿಡೀ ಹಂಚು ಜಾರುತ್ತದೆ ನೋಡಿ, ಹಾಗೇ. ಸಿಎಸ್‌ಎಸ್ 1996ರಲ್ಲೇ ಬಂದಿತ್ತು. ಹೊರಗೆ ಜನ ಆಗಲೇ ಟೇಬಲ್ ಬಿಡುತ್ತಿದ್ದರು. ನನಗೆ ಸುದ್ದಿ ತಡವಾಗಿ ತಲುಪಿತು, ಅಷ್ಟೆ.

ಪುಟದ ಅಗಲ 760 ಪಿಕ್ಸೆಲ್. ಯಾಕೆಂದರೆ ಜಾಸ್ತಿ ಕಂಪ್ಯೂಟರ್‌ಗಳ ಪರದೆ 800 ಅಗಲ, 600 ಎತ್ತರ ಅಂತ ನಂಬಿದ್ದೆವು. ಪುಟದ ಬುಡದಲ್ಲಿ ‘ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿದರೆ ಉತ್ತಮ’ ಅಂತ ಬರೆದೂ ಇದ್ದೆ. ಬಂದ ನೆಂಟರಿಗೆ ಎಲ್ಲಿ ಕೂರಬೇಕು, ಹೇಗೆ ಕೂರಬೇಕು ಅಂತ ಬಾಗಿಲಲ್ಲೇ ಹೇಳಿದ ಹಾಗೆ. ಈ ಧೋರಣೆ ತಿರುಗಿದ್ದೇ ನಾನು ಕಂಡ ದೊಡ್ಡ ಬದಲಾವಣೆ. ಆಗ ನೋಡುವವರು ನಮ್ಮ ಅಳತೆಗೆ ಬರಬೇಕಿತ್ತು. ಈಗ ಪುಟವೇ ಅವರ ಅಳತೆಗೆ ಹೋಗಬೇಕು.

ವೇಗದ ಲೆಕ್ಕ ಕೇಳಿ. ಫೋನ್ ಲೈನಿನ 56 ಕೆಬಿಪಿಎಸ್ (ಸೆಕೆಂಡಿಗೆ 56 ಕಿಲೋಬಿಟ್) ಡಯಲ್-ಅಪ್ ಮೋಡೆಮ್ ಅಂದರೆ, ಎಂಟು ಬಿಟ್‌ಗೆ ಒಂದು ಬೈಟ್ ಲೆಕ್ಕದಲ್ಲಿ, ಕಾಗದದ ಮೇಲೆ ಸೆಕೆಂಡಿಗೆ 7 ಕೆಬಿ. ಕೈಗೆ ಸಿಗುತ್ತಿದ್ದದ್ದು 4 ಅಥವಾ 5. ಒಂದು 40 ಕೆಬಿ ಫೋಟೋ ಪೂರ್ತಿ ಇಳಿಯಲು ಎಂಟು-ಹತ್ತು ಸೆಕೆಂಡ್. ಹಾಗಾಗಿ ಮುಖಪುಟ 50 ಕೆಬಿ ದಾಟಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಈಗಿನ ಫೋನಿನ ಒಂದು 4 ಎಂಬಿ ಫೋಟೋ ಆ ಲೈನಿನಲ್ಲಿ ಇಳಿಯಲು ಹದಿಮೂರು ನಿಮಿಷ ಬೇಕಾಗುತ್ತಿತ್ತು. ಅಷ್ಟರಲ್ಲಿ ಕರೆಂಟೇ ಹೋಗುತ್ತಿತ್ತು ಅನ್ನಿ.

ಕನ್ನಡದ ಕಥೆ ಬೇರೆಯದೇ. ಯಜಮಾನರಿಗೆ ಸೈಟ್ ಕನ್ನಡದಲ್ಲೂ ಬೇಕಿತ್ತು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಹಾಕಿದೆ. ನನ್ನ ಕಂಪ್ಯೂಟರ್‌ನಲ್ಲಿ ಚೆಂದ ಕಂಡಿತು. ಅವರ ಮಗ ಬೆಂಗಳೂರಿನಲ್ಲಿ ತೆರೆದು ನೋಡಿ ಫೋನ್ ಮಾಡಿದರು: “ಎಂತ ಮಾರಾಯ, ಬರೀ ಪೌಂಡ್ ಗುರ್ತೇ ಕಾಣ್ತದಲ್ಲ! ಅಪ್ಪ ರೇಟನ್ನ ಪೌಂಡ್‌ನಲ್ಲಿ ತಗೋತಾರಾ?” ಆಗಿನ ಕನ್ನಡ ಫಾಂಟ್‌ಗಳ ಗುಟ್ಟೇ ಅದು. ಒಳಗಿದ್ದದ್ದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕನ್ನಡದ ವೇಷ. ನುಡಿಯಲ್ಲಿ ‘ಕನ್ನಡ’ ಅಂತ ಬರೆದು ಫಾಂಟ್ ತೆಗೆದರೆ ಇಂಗ್ಲಿಷಿನ ದೊಡ್ಡ ಪಿ ಬರುತ್ತದೆ, ತಲೆಗೆ ಗೀಟು ಎಳೆದ ಎ ಬರುತ್ತದೆ, ನಡುವೆ ಪೌಂಡ್ ಗುರುತು. ನೋಡುವವರ ಕಂಪ್ಯೂಟರ್‌ನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ವೇಷ ಕಳಚಿತು. ಕೊನೆಗೆ ಶೀರ್ಷಿಕೆಗಳನ್ನೆಲ್ಲ ಚಿತ್ರ ಮಾಡಿ ಅಂಟಿಸಿದೆ. ಒಂದು ಅಕ್ಷರ ತಿದ್ದಬೇಕಾದರೂ ಹೊಸ ಚಿತ್ರ. ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ನಮ್ಮ ಪುಟ ಸಿಗುವ ಮಾತೇ ಇಲ್ಲ.

ಒಂದೊಂದು ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಫಾಂಟ್ ಕೂಡ ಬಂತು. ಅದರ ಹೆಸರು ತುಂಗಾ! ಆದರೆ ಎಷ್ಟೋ ಕಡೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ವಿಂಡೋಸ್ ಸಿಡಿ ಹಾಕಿ, ಭಾರತೀಯ ಲಿಪಿಗಳನ್ನು ಬೇರೆಯಾಗಿ ಸೇರಿಸಬೇಕಿತ್ತು. ತುಂಗಾ ಹೊಳೆ ನಮ್ಮ ಊರಿನ ಪಕ್ಕದಲ್ಲೇ ಸುಮ್ನೆ ಹರಿಯುತ್ತಿತ್ತು, ತುಂಗಾ ಫಾಂಟ್ ಮಾತ್ರ ಸಿಡಿ ಕೇಳುತ್ತಿತ್ತು. ಕನ್ನಡ ವಿಕಿಪೀಡಿಯ 2003ರಲ್ಲೇ ಯೂನಿಕೋಡ್‌ನಲ್ಲಿ ಶುರುವಾಗಿದ್ದು ನನಗೆ ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಆಮೇಲೆ ಬಂದ ಮೊದಮೊದಲ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮತ್ತದೇ ಕಷ್ಟ, ಕನ್ನಡ ಇರಬೇಕಾದ ಕಡೆ ಚೌಕ ಚೌಕ.

ಎರಡನೇ ಸಲ, 2008ರಲ್ಲಿ, ಯಜಮಾನರಿಗೆ ‘ಓಡಾಡುವ’ ಸೈಟ್ ಬೇಕಾಯಿತು. ಚಲಿಸುವ ಚಿತ್ರ, ಸದ್ದು ಕೂರಿಸುವ ಫ್ಲ್ಯಾಷ್ ಅನ್ನುವ ತಂತ್ರಾಂಶದಲ್ಲಿ ಮಾಡಿಕೊಟ್ಟೆ. ಮಂಜು ಸರಿಯುತ್ತದೆ, ಗುಡ್ಡ ಕಾಣುತ್ತದೆ, ಹಕ್ಕಿ ಕೂಗುತ್ತದೆ, ಆಮೇಲೆ ‘ಒಳಗೆ ಬನ್ನಿ’ ಅನ್ನುವ ಗುಂಡಿ. ನಿಜ ಹೇಳಬೇಕೆಂದರೆ ಅಷ್ಟು ಖುಷಿಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಅಷ್ಟು ದಂಡವಾದ ಕೆಲಸವೂ ಇನ್ನೊಂದಿಲ್ಲ. ಐಫೋನ್ ಫ್ಲ್ಯಾಷನ್ನು ಹತ್ತಿರಕ್ಕೇ ಸೇರಿಸಲಿಲ್ಲ. 2020ರ ಡಿಸೆಂಬರ್ 31ಕ್ಕೆ ಅದರ ಕಂಪನಿ ಅಡೋಬಿಯವರೇ ಅದನ್ನು ನಿಲ್ಲಿಸಿದರು.

ಅದೇ ಹೊತ್ತಿನ ಇನ್ನೊಂದು ಪೀಡೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಅನ್ನುವ ಬ್ರೌಸರ್. ಫೈರ್‌ಫಾಕ್ಸ್‌ನಲ್ಲಿ 10 ಪಿಕ್ಸೆಲ್ ಅಂತರ ಕೊಟ್ಟರೆ 10. ಎಕ್ಸ್‌ಪ್ಲೋರರ್ 6ರಲ್ಲಿ ಫ್ಲೋಟ್ ಮಾಡಿದ, ಅಂದರೆ ಒಂದು ಬದಿಗೆ ಸರಿಸಿದ ಡಬ್ಬಿಗೆ ಅದೇ 10 ಕೆಲವೊಮ್ಮೆ 20 ಆಗುತ್ತಿತ್ತು. ಮೂರು ದಿನದಲ್ಲಿ ಸೈಟ್ ಮುಗಿದರೆ, ಇನ್ನು ಮೂರು ದಿನ ಇದರ ಸೇವೆ.

ಬ್ರೌಸರ್‌ನಲ್ಲಿ ನಿಜವಾದ ಕೆಲಸ ಮಾಡಬಹುದು ಅಂತ ನನಗೆ ಹೊಳೆದದ್ದು 2005ರಲ್ಲಿ ಬಂದ ಗೂಗಲ್ ಮ್ಯಾಪ್ಸ್ ನೋಡಿ. ಅದುವರೆಗೆ ನಕ್ಷೆ ಸರಿಸಬೇಕಾದರೆ ಬಾಣದ ಗುರುತು ಒತ್ತಿ, ಇಡೀ ಪುಟ ಮತ್ತೆ ಬರುವವರೆಗೆ ಕಾಯಬೇಕಿತ್ತು. ಇದರಲ್ಲಿ ಮೌಸಿನಿಂದ ಹಿಡಿದು ಎಳೆದರೆ ನಕ್ಷೆಯೇ ಜೊತೆಗೆ ಬರುತ್ತಿತ್ತು. ಸೈಬರ್ ಕೆಫೆಯಲ್ಲಿ ಅರ್ಧ ಗಂಟೆ ಸುಮ್ನೆ ಎಳೆದಾಡುತ್ತಾ ಕೂತಿದ್ದೆ. ಇಂಥ ಚಲನೆಯನ್ನು ಪುಟಕ್ಕೆ ಕೊಡುವ ಭಾಷೆ ಜಾವಾಸ್ಕ್ರಿಪ್ಟ್. ಮರುವರ್ಷ ಅದನ್ನು ಸುಲಭ ಮಾಡುವ ಜೆಕ್ವೆರಿ ಬಂತು, ನನ್ನಂಥವರೂ ಜಾವಾಸ್ಕ್ರಿಪ್ಟ್ ಮುಟ್ಟುವ ಧೈರ್ಯ ಮಾಡಿದೆವು.

ಮೂರನೇ ಸಲ 2014. ತೋಟದವರ ಅತಿಥಿಗಳೆಲ್ಲ ಫೋನಿನಲ್ಲೇ ನೋಡುತ್ತಿದ್ದರು. ಈಥನ್ ಮಾರ್ಕಾಟ್ ಅನ್ನುವವರು 2010ರಲ್ಲಿ ‘ರೆಸ್ಪಾನ್ಸಿವ್ ವೆಬ್ ಡಿಸೈನ್’ ಅನ್ನುವ ಹೆಸರಿಟ್ಟು ಒಂದು ಲೇಖನ ಬರೆದಿದ್ದರು. ಅಗಲವನ್ನು ಪಿಕ್ಸೆಲ್‌ನಲ್ಲಿ ಹೇಳಬೇಡಿ, ಶೇಕಡಾವಾರು ಹೇಳಿ. ಚಿತ್ರಗಳು ಜಾಗಕ್ಕೆ ತಕ್ಕಂತೆ ಕುಗ್ಗಲಿ. ಪರದೆ ಇಷ್ಟಕ್ಕಿಂತ ಚಿಕ್ಕದಾದರೆ ಜೋಡಣೆ ಬದಲಾಗಲಿ. ಕೇಳಲು ಸುಲಭ. ನನಗೆ ಮಾತ್ರ ಹತ್ತು ವರ್ಷದ ಅಭ್ಯಾಸ ಬಿಡುವುದು ಜ್ವರ ಬಂದ ಹಾಗೆ ಆಯಿತು. ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಿದ್ಧ ತಂತ್ರಾಂಶದ ಮೇಲೆ ಕಟ್ಟಿದೆ, ಚೆನ್ನಾಗಿಯೇ ಆಯಿತು. ಆದರೆ ಹೊಸ ಸೌಲಭ್ಯಕ್ಕೆ ಅಂತ ಪ್ಲಗಿನ್ ಮೇಲೆ ಪ್ಲಗಿನ್ ಹಾಕಿ, ನಾಲ್ಕು ಕೋಣೆಯ ಮನೆಯ ಮುಖಪುಟ 5 ಎಂಬಿಗೆ ಹೋಯಿತು. ಆ ಮನೆಯಲ್ಲಿ ಟವರ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು. ಮಳೆಗಾಲದಲ್ಲಿ ಅದೂ ಇಲ್ಲ. ಸ್ವಂತ ಸೈಟನ್ನು ಯಜಮಾನರಿಗೇ ತೆರೆದು ತೋರಿಸಲು ಆಗಲಿಲ್ಲ.

ಹಾಗಾಗಿ 2022ರಲ್ಲಿ ನಾಲ್ಕನೇ ಸಲ ಎಲ್ಲ ಕಿತ್ತು ಹಾಕಿದೆ. ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್, ಹತ್ತಿಪ್ಪತ್ತು ಸಾಲು ಜಾವಾಸ್ಕ್ರಿಪ್ಟ್. ಟೇಬಲ್‌ನಲ್ಲಿ ಎರಡು ದಿನ ಒದ್ದಾಡಿ ಮಾಡಿದ್ದ ಜೋಡಣೆ ಸಿಎಸ್‌ಎಸ್‌ನದೇ ಜೋಡಣೆ ವಿಧಾನ ಗ್ರಿಡ್‌ನಲ್ಲಿ ಆರು ಸಾಲು. ಕೆಳಗಿನ ಫೋಟೋಗಳು ಅಲ್ಲಿಗೆ ಸರಿಸಿದಾಗ ಮಾತ್ರ ಇಳಿಯುತ್ತವೆ. ಕನ್ನಡ ಯೂನಿಕೋಡ್‌ನಲ್ಲಿದೆ. ಕನ್ನಡ ಸೈಟ್ ಮಾಡುವಾಗ ನೆನಪಿಡಿ, ಇಂಗ್ಲಿಷಿಗೆ ಅಂತ ಮಾಡಿದ ವಿನ್ಯಾಸದಲ್ಲಿ ಸಾಲಿನ ಎತ್ತರ ಅಕ್ಷರದ ಅಳತೆಯ 1.2 ಪಟ್ಟು ಇದ್ದರೆ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ, ಕೆಲವು ಕಡೆ ಬುಡವೇ ಕತ್ತರಿಸಿ ಹೋಗುತ್ತದೆ. ನಾನು 1.6ಕ್ಕಿಂತ ಕಡಿಮೆ ಇಡುವುದಿಲ್ಲ. ಗುಂಡಿಗಳಿಗೆ ಅಗಲವನ್ನೂ ಕಟ್ಟಬೇಡಿ. ‘ಬುಕ್ ನೌ’ ಕೂರುವ ಜಾಗದಲ್ಲಿ ‘ಕೋಣೆ ಕಾಯ್ದಿರಿಸಿ’ ಕೂರುವುದಿಲ್ಲ.

ಈಗ ಆ ಸಿಡಿ. ಹೋದ ಮಳೆಗಾಲದಲ್ಲಿ ಅಟ್ಟ ಗುಡಿಸುವಾಗ ಸಿಕ್ಕಿತು, ಅಂಚಿಗೆ ಬೂಷ್ಟು ಹಿಡಿದಿತ್ತು. ಒರೆಸಿ, ಸಿಡಿ ಡ್ರೈವ್ ಇರುವ ಒಂದು ಹಳೇ ಕಂಪ್ಯೂಟರ್ ಹುಡುಕಿ ನೋಡಿದೆ. 2008ರ ಫ್ಲ್ಯಾಷ್ ಸೈಟ್ ಇದ್ದ ಕಡೆ ಖಾಲಿ ಡಬ್ಬಿ. ಹಕ್ಕಿ ಇಲ್ಲ, ಗುಡ್ಡ ಇಲ್ಲ. 2004ರ ಪುಟ ಮಾತ್ರ ಈಗಿನ ಕ್ರೋಮ್‌ನಲ್ಲೂ ಹಾಗೇ ತೆರೆಯಿತು. ಟೇಬಲ್ ಅಲುಗಿಲ್ಲ, ಲಿಂಕ್‌ಗಳು ಕೆಲಸ ಮಾಡುತ್ತವೆ. ನುಡಿಯಲ್ಲಿ ಬರೆದ ಕನ್ನಡ ಮಾತ್ರ ಅದೇ ಪೌಂಡ್ ಗುರುತುಗಳು.

ನಿಮ್ಮ ಪ್ರಶ್ನೆಗಳಿಗೆ ಉತ್ತರ ಇದೇ. ಮೇಲಿನ ಫ್ಲ್ಯಾಷ್ ಹೋಯಿತು, ಬುಡದ ಎಚ್‌ಟಿಎಂಎಲ್ ಉಳಿಯಿತು. ರಿಯಾಕ್ಟ್ ಬಂದದ್ದು 2013ರಲ್ಲಿ, ಫೇಸ್‌ಬುಕ್‌ನಿಂದ. ಕ್ಷಣಕ್ಷಣಕ್ಕೂ ಬದಲಾಗುವ ಪರದೆಗಳಿಗೆ ಒಳ್ಳೆಯ ಸಾಧನ, ಬೆಂಗಳೂರಿನಲ್ಲಿ ಕೆಲಸಕ್ಕೆ ಹೋದರೆ ಕೇಳಿಯೇ ಕೇಳುತ್ತಾರೆ. ಕಲಿಯಬೇಡಿ ಅನ್ನುತ್ತಿಲ್ಲ. ಆದರೆ ಅದು ಕೊನೆಗೆ ಬ್ರೌಸರ್ ಮುಂದೆ ಇಡುವುದೂ ಎಚ್‌ಟಿಎಂಎಲ್‌ ಅನ್ನೇ ಅಲ್ವಾ? ಈಗ ಎಐ ಕೂಡ ಪುಟ ಬರೆದುಕೊಡುತ್ತದೆ. ಅದು ಬರೆದದ್ದರಲ್ಲಿ ಒತ್ತಕ್ಷರ ಯಾಕೆ ಕತ್ತರಿಸಿತು ಅಂತ ಕಂಡುಹಿಡಿಯಲು ನಿಮಗೇ ಗೊತ್ತಿರಬೇಕು.

ಹೀಗೆ ಮಾಡಿ. ರಿಯಾಕ್ಟ್‌ನಂಥ ಯಾವ ಸಿದ್ಧ ಚೌಕಟ್ಟೂ (ಫ್ರೇಮ್‌ವರ್ಕ್) ಇಲ್ಲದೆ ನಿಮ್ಮೂರಿನ ಒಂದು ಹೋಟೆಲಿಗೋ ಅಂಗಡಿಗೋ ಕನ್ನಡದಲ್ಲಿ ಒಂದೇ ಪುಟ ಕಟ್ಟಿ. ಆಮೇಲೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಬಸ್ ಹತ್ತಿ ಫೋನಿನಲ್ಲಿ ತೆರೆದು ನೋಡಿ. ಟವರ್ ಒಂದು ಕಡ್ಡಿಗೆ ಇಳಿದಾಗಲೂ ಅಂಗಡಿಯ ಫೋನ್ ನಂಬರ್ ಕಂಡರೆ, ಮನೆಗೆ ಬಂದು ರಿಯಾಕ್ಟ್ ಶುರು ಮಾಡಿ.