ಹಳೆಯ ದಾಖಲಾತಿ ಪುಸ್ತಕದಲ್ಲಿರುವ ಹೀಯಾಳಿಸುವ ಪದಗಳನ್ನು ತಿದ್ದಬೇಕಾ?

ನಿಮ್ಮೂರ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಗೆಳೆಯರೆಲ್ಲ ಸೇರಿ ಸ್ಕ್ಯಾನ್ ಮಾಡಿ ಟೈಪ್ ಮಾಡುತ್ತಿದ್ದೀರಿ. ವಂಶವೃಕ್ಷ ಹುಡುಕುವವರಿಗೆ ಉಪಯೋಗವಾಗಲಿ ಅಂತ. ಆದರೆ ಕೆಲವು ಮಕ್ಕಳ ಹೆಸರಿನ ಮುಂದೆ ಇವತ್ತು ಯಾರೂ ಬಾಯಲ್ಲಿ ಆಡಬಾರದ ಪದಗಳಿವೆ. ಊರಿನ ಹಿರಿಯರೊಬ್ಬರು ನೊಂದುಕೊಂಡು, ತಮ್ಮ ತಂದೆಯ ಸಾಲಿನಲ್ಲಿರುವುದನ್ನು ಅಳಿಸಿ ಅಂದಿದ್ದಾರೆ. ಬೇರೆ ಮರ್ಯಾದೆಯ ಪದ ಹಾಕಿದರೆ ತಪ್ಪಾ ಅಂತ ಕೇಳಿದ್ದೀರಿ.

ಹಾಕಬೇಡಿ. ಒಂದು ಅಕ್ಷರವನ್ನೂ ಬದಲಾಯಿಸಬೇಡಿ. ದೂರದಲ್ಲಿ ಕೂತು ಸುಮ್ನೆ ಹೇಳುತ್ತಿರುವ ಮಾತಲ್ಲ ಇದು. ನಮ್ಮದೂ ಅಂಥ ಪದ ಅಂಟಿಸಿಕೊಂಡು ಬಂದ ಮನೆತನವೇ.

ನಮ್ಮ ಮುತ್ತಾತ ಊರಿನ ತೋಟಿ. ಈಗ ಆ ಪದ ಬೈಗುಳದ ಹಾಗೆ ಕೇಳಿಸುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಅದು ಗ್ರಾಮದ ಒಂದು ಹುದ್ದೆಯೂ ಆಗಿತ್ತು. ತಮಟೆ ಹೊಡೆದು ಸಾರುವುದು, ಪಟೇಲರ ಕರೆ ಒಯ್ಯುವುದು, ಗಡಿ ಕಲ್ಲು ತೋರಿಸುವುದು, ಸತ್ತ ದನ ಎಳೆಯುವುದು, ಎಲ್ಲ ಅವರ ತಲೆಗೇ. ಅದಕ್ಕೆ ಪ್ರತಿಯಾಗಿ ಒಂದು ತುಂಡು ಇನಾಂ ಜಮೀನು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ಮೇಲೆ ಹುದ್ದೆ ಹೋಯಿತು. ಜಮೀನನ್ನು ಆ ಹುದ್ದೆಯಲ್ಲಿದ್ದವರಿಗೇ ರೀಗ್ರಾಂಟ್, ಅಂದರೆ ಮರುಮಂಜೂರು, ಮಾಡಿಕೊಡಬೇಕಾಯಿತು.

ನಮ್ಮಪ್ಪ ಅದರ ಕಾಗದ ಹುಡುಕಲು ಹೊರಟಾಗ ಕೈಗೆ ಸಿಕ್ಕಿದ್ದು ಯಾರೋ ಹಳೆಯ ಪಟ್ಟಿ ನೋಡಿ ಬರೆದ ನಕಲು. ಬರೆದವರದು ಒಳ್ಳೆಯ ಮನಸ್ಸು, ಅದರಲ್ಲಿ ನನಗೆ ಅನುಮಾನವಿಲ್ಲ. ತೋಟಿ ಅಂತ ಇದ್ದ ಕಡೆ ‘ಗ್ರಾಮ ಸೇವಕ’ ಅಂತ ಮಾಡಿದ್ದರು. ‘ಮುನಿಯ’ ಅಂತ ಇದ್ದದ್ದನ್ನು ‘ಮುನಿಯಪ್ಪ’ ಮಾಡಿದ್ದರು. ಊರಲ್ಲಿ ಮುನಿಯಪ್ಪ ಅನ್ನುವ ಬೇರೆಯವರೂ ಇದ್ದರು. ಕಚೇರಿಯಲ್ಲಿ, ಇದು ನಿಮ್ಮ ತಾತ ಅನ್ನುವುದಕ್ಕೆ ಆಧಾರ ಏನು ಅಂದರು. ಎರಡು ವರ್ಷ ಅಲೆದಾಟ. ಕೊನೆಗೆ ಮೂಲ ಪುಟ ಸಿಕ್ಕಿತು. ‘ಮುನಿಯ ಬಿನ್ ಚಿಕ್ಕ, ತೋಟಿ’, ಕೆಳಗೆ ಹೆಬ್ಬೆಟ್ಟು. ಅಪ್ಪ ಆ ಹೆಬ್ಬೆಟ್ಟಿನ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತಿದ್ದರು.

ಬರೀ ‘ಮುನಿಯ’ ಅಂತ ಬರೆದದ್ದೂ ಅವಮಾನವೇ ಅಲ್ವಾ? ಅದೇ ಪುಟದಲ್ಲಿ ಗೌಡರಿಗೆ ಅಪ್ಪ, ಅಯ್ಯ ಎಲ್ಲ ಸೇರಿಸಿದ್ದಾರೆ, ನಮ್ಮವರಿಗೆ ಮಾತ್ರ ಮೊಟಕು ಹೆಸರು. ಅದನ್ನು ಈಗ ನಾವು ತುಂಬಿಸಿಬಿಟ್ಟರೆ ಬರೆದವನು ಏನು ಮಾಡಿದ್ದ ಅನ್ನುವುದೇ ಕಾಣದೆ ಹೋಗುತ್ತದೆ. ನನ್ನ ಮಕ್ಕಳಿಗೆ ಅದು ಕಾಣಬೇಕು.

ಇನ್ನೊಂದು, ದೊಡ್ಡ ಉದಾಹರಣೆ. 1920ರ ದಶಕದ ಹೊತ್ತಿಗೆ, ಅಸ್ಪೃಶ್ಯರು ಅಂತ ದೂರ ಇಟ್ಟವರಿಗೆ ಅಂಟಿಸಿದ್ದ ‘ಪಂಚಮ’ ಮುಂತಾದ ಹೆಸರುಗಳು ಬೇಡ ಅಂತ ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನುವ ಹೆಸರುಗಳು ಬಂದವು. ಸ್ವಾಭಿಮಾನದ ಹೆಸರುಗಳು ಅವು, ಅದರ ಹಿಂದೆ ಹೋರಾಟವಿದೆ. ಆದರೆ ಒಂದೇ ಹೆಸರಿನಡಿ ಹೊಲೆಯ, ಮಾದಿಗ ಎರಡೂ ಸಮುದಾಯದವರು ಸೇರಿಕೊಂಡರು. 2025ರಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನಾಗಮೋಹನದಾಸ್ ಆಯೋಗ ಸಮೀಕ್ಷೆ ಮಾಡಿದಾಗ ಲಕ್ಷಗಟ್ಟಲೆ ಜನ ಎಕೆ (ಆದಿ ಕರ್ನಾಟಕ), ಎಡಿ (ಆದಿ ದ್ರಾವಿಡ), ಎಎ (ಆದಿ ಆಂಧ್ರ) ಅಂತಷ್ಟೇ ಬರೆಸಿದರು. ಅಂಥ ಮನೆಯವರು ಮೂಲ ಜಾತಿ ತಿಳಿಯಲು ಈಗ ಎಲ್ಲಿಗೆ ಹೋಗಬೇಕು? ಅಜ್ಜ, ಮುತ್ತಜ್ಜ ಓದಿದ ಶಾಲೆಯ ಪುಸ್ತಕಕ್ಕೆ. ನೀವು ಟೈಪ್ ಮಾಡುತ್ತಿರುವುದು ಅದನ್ನೇ.

ಹೆಳವರು ನಿಮ್ಮ ಕಡೆ ಈಗಲೂ ಬರುತ್ತಾರಾ ಗೊತ್ತಿಲ್ಲ. ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳುವವರು, ನಮ್ಮಲ್ಲಿ ವಂಶಾವಳಿ ಕಾದವರೇ ಅವರು. ‘ಹೆಳವ’ ಅಂದರೆ ಕಾಲಿಲ್ಲದವನು. ಇವತ್ತು ಯಾರನ್ನಾದರೂ ಹಾಗೆ ಕರೆದರೆ ತಪ್ಪು. ಹಾಗಂತ ಅವರ ಹೊತ್ತಿಗೆಯಲ್ಲಿರುವ ಹೆಸರನ್ನು ನಾವು ತಿದ್ದುತ್ತೇವಾ?

ಈಗ ಕೆಲಸದ ಮಾತು. ಪುಟದ ಫೋಟೋ ಒಂದು ಕಡೆ ಇರಲಿ. ಪಕ್ಕದಲ್ಲಿ ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿ, ಕಾಗುಣಿತದ ತಪ್ಪೂ ಹಾಗೇ ಇರಲಿ. ಅದರ ಪಕ್ಕ ಇನ್ನೊಂದು ಕಾಲಂ ಮಾಡಿ. ಇವತ್ತಿನ ಹೆಸರು, ಪದದ ಅರ್ಥ, ನಿಮ್ಮ ಊಹೆ ಎಲ್ಲ ಅಲ್ಲಿಗೆ ಹೋಗಲಿ. ಹುಡುಕುವಾಗ ಎರಡೂ ಕಾಲಂನಿಂದ ಸಿಗುವಂತಿರಬೇಕು. ಮೊಮ್ಮಗಳು ‘ಮುನಿಯಪ್ಪ’ ಅಂತ ಹುಡುಕಿದರೂ ‘ಮುನಿಯ’ ಸಿಗಬೇಕು. ಮೊದಲ ಪುಟದಲ್ಲೇ ಸ್ಪಷ್ಟವಾಗಿ ಬರೆಯಿರಿ: ಇದರಲ್ಲಿ ಜನರನ್ನು ಕೀಳಾಗಿ ಕಂಡ ಪದಗಳಿವೆ, ಅವು ನಮ್ಮ ಮಾತಲ್ಲ, ದಾಖಲೆಗಾಗಿ ಉಳಿಸಿದ್ದೇವೆ. ಊರಲ್ಲಿ ಓದಿ ತೋರಿಸುವಾಗ ಆ ಪದಗಳನ್ನು ಗಟ್ಟಿಯಾಗಿ ಓದಬೇಕಾಗಿಲ್ಲ. ಬದುಕಿರುವವರ ಸಾಲುಗಳನ್ನಂತೂ ಸದ್ಯಕ್ಕೆ ಹಾಕಲೇಬೇಡಿ.

ಆ ಹಿರಿಯರ ವಿಷಯ. ಅವರ ನೋವು ಸಣ್ಣದಲ್ಲ. ಫೋನಿನಲ್ಲಿ ಮಾತಾಡಿ ಮುಗಿಸಬೇಡಿ, ಮನೆಗೆ ಹೋಗಿ ಅವರ ಜೊತೆ ಕೂತು ಆ ಪುಟ ತೋರಿಸಿ. ಅವರ ತಂದೆ ಯಾವ ವಯಸ್ಸಿಗೆ ಶಾಲೆಗೆ ಸೇರಿದರು, ಯಾವಾಗ ಬಿಟ್ಟರು, ಎಲ್ಲ ಅದೇ ಸಾಲಿನಲ್ಲಿರುತ್ತದೆ. ಅವರು ಹೇಳುವುದನ್ನು ಎರಡನೇ ಕಾಲಂನಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ಆಮೇಲೂ ಬೇಡ ಅಂದರೆ ಆ ಪುಟವನ್ನು ಈಗ ಆನ್‌ಲೈನ್‌ನಲ್ಲಿ ಹಾಕಬೇಡಿ. ಆದರೆ ಮೂಲ ಫೈಲ್ ಮುಟ್ಟಬೇಡಿ. ಮುಂದೆ ಅವರ ಮೊಮ್ಮಕ್ಕಳು ಕೇಳಿಕೊಂಡು ಬಂದರೆ ಕೊಡಲು ಇರಲಿ.